ಕೊಪ್ಪೆ ಹೊದ್ದ ಹಳದಿ ಬಾಟಲಿ

ಹುಡುಗಿ ಉಳಿದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕತೆ ಬರೆಯುವವರು ಇಂಥದ್ದನ್ನು ಕೊನೆಯವರೆಗೆ ಮುಚ್ಚಿಟ್ಟುಕೊಳ್ಳುತ್ತಾರಂತೆ. ನನ್ನಿಂದ ಆಗುವ ಕೆಲಸವಲ್ಲ ಅದು. ಸಂತೋಷದ ಸುದ್ದಿ ಹೊಟ್ಟೆಯಲ್ಲೇ ನಿಂತರೆ ನನಗೆ ಊಟ ಸೇರುವುದಿಲ್ಲ. ನನ್ನ ಮೊಮ್ಮಗಳು ಎಂಟು ವರ್ಷಕ್ಕೆ ಎದೆಯೊಳಗೆ ಬೂಷ್ಟು ಹಿಡಿದು ಆಸ್ಪತ್ರೆಯಲ್ಲಿ ಮಲಗಿದ್ದವಳು. ಎದ್ದಳು, ಬೆಳೆದಳು, ಈಗ ನನಗಿಂತ ಗೇಣು ಎತ್ತರ ಇದ್ದಾಳೆ. ನನ್ನ ತಲೆಯ ಮೇಲಿಂದಲೇ ಕೈ ಹಾಕಿ ಮೇಲಿನ ಹಲಗೆಯ ಬೆಲ್ಲದ ಡಬ್ಬಿ ತೆಗೆಯುತ್ತಾಳೆ. ಬೈದರೆ ನಗುತ್ತಾಳೆ. ಬೈಯಲು ಅವಳಿದ್ದಾಳಲ್ಲ ಎಂದು ನಾನೂ ನಗುತ್ತೇನೆ.

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಬರುತ್ತದೆ, ಲೆಕ್ಕ ಬರುತ್ತದೆ. ಆಸ್ಪತ್ರೆಯಲ್ಲಿ ಆ ಲೆಕ್ಕ ಉಪಯೋಗಕ್ಕೆ ಬಂತು, ಅದನ್ನು ಮುಂದೆ ಹೇಳುತ್ತೇನೆ. ಒತ್ತು, ದೀರ್ಘ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಮಾತು ಮಾತ್ರ ನನ್ನದು.

ನಮ್ಮದು ಸಂಸೆಯ ಹತ್ತಿರ ಮೂರು ಎಕರೆ ಕಾಫಿ, ಹೆಚ್ಚಿನದೆಲ್ಲ ರೊಬಸ್ಟಾ. ಯಜಮಾನರು ತೀರಿಕೊಂಡ ಮೇಲೆ ಮಗ, ಸೊಸೆ, ನಾನು ಸೇರಿ ನೋಡಿಕೊಂಡು ಬಂದವರು. ಮಗು ಒಂದೇ. ತೊಂಬತ್ತರ ದಶಕ ಮುಗಿಯುವ ಹೊತ್ತಿನಲ್ಲಿ ಅದರ ಕಾಲಿನ ಮೇಲೆಲ್ಲ ನೀಲಿ ಕಲೆ ಏಳತೊಡಗಿತು. ಬಿದ್ದು ಮಾಡಿಕೊಂಡದ್ದು ಎಂದುಕೊಂಡೆವು. ಸ್ಕೂಲಿನಿಂದ ಬರುವಾಗ ಏರು ಹತ್ತಲಾರದೆ ಎರಡು ಕಡೆ ಕೂರುತ್ತಿತ್ತು. ಕಳಸದ ಡಾಕ್ಟರು ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದವರು ಮಾತ್ರೆಯನ್ನೇ ಕೊಡಲಿಲ್ಲ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು, ನಾಳೆಯೇ ಹೋಗಿ ಎಂದರು. ಅಲ್ಲಿ ಹೇಳಿದರು, ರಕ್ತದ ಕ್ಯಾನ್ಸರು ಎಂದು. ಈಗ ಇದಕ್ಕೆ ಮದ್ದಿದೆ, ಮಕ್ಕಳು ಗುಣವಾಗುತ್ತಾರೆ, ಆದರೆ ಎರಡು ಮೂರು ವರ್ಷ ಹಿಡಿಯುತ್ತದೆ ಎಂದೂ ಹೇಳಿದರು.

ಆ ಮದ್ದು ಕೆಟ್ಟ ರಕ್ತವನ್ನೂ ಕೊಲ್ಲುತ್ತದೆ, ಒಳ್ಳೆಯ ರಕ್ತವನ್ನೂ ಕೊಲ್ಲುತ್ತದೆ. ಕಳೆ ತೆಗೆಯುವಾಗ ಸಸಿಗೂ ಕತ್ತಿ ತಾಗುತ್ತದಲ್ಲ, ಹಾಗೆ. ಒಂದು ಸುತ್ತು ಮದ್ದು ಕೊಟ್ಟು, ಸ್ವಲ್ಪ ಚೇತರಿಸಿಕೊಂಡ ಮೇಲೆ ಹತ್ತು ಹನ್ನೆರಡು ದಿನ ಮನೆಗೆ ಕಳಿಸುವರು. ಕಳಿಸುವಾಗ ಒಂದು ಹಾಳೆ ಕೊಡುವರು. ಹಸಿ ತರಕಾರಿ ಬೇಡ, ಹೂವು ಬೇಡ, ಕುದಿಸಿದ ನೀರು, ಜನರ ಗುಂಪು ಬೇಡ, ಹೊರಗಿನವರು ಬಂದರೆ ಬಾಯಿಗೆ ಬಟ್ಟೆ, ಧೂಳು ಬೇಡ. ಸೊಸೆ ಆ ಹಾಳೆಯನ್ನು ಅಡುಗೆಮನೆ ಬಾಗಿಲಿಗೆ ಅನ್ನದ ಅಗುಳಿನಿಂದ ಅಂಟಿಸಿದ್ದಳು. ಬೆಳಿಗ್ಗೆ ಎದ್ದು ನಾನು ದೇವರಿಗಿಂತ ಮೊದಲು ಅದನ್ನು ಓದುತ್ತಿದ್ದೆ. ದೇವರ ಮನೆಯ ಹೂವನ್ನೂ ನಿಲ್ಲಿಸಿದೆವು. ಒಂದೂ ತಪ್ಪಿಲ್ಲದೆ ನಡೆಸುತ್ತಿದ್ದೇವೆ ಎಂದು ನನಗೆ ಒಳಗೊಳಗೇ ಹೆಮ್ಮೆ ಇತ್ತು.

ತಪ್ಪಿದ್ದು ಆ ಧೂಳು ಎಂಬ ಮಾತಿನಲ್ಲಿ. ನಮಗೆ ಧೂಳೆಂದರೆ ಬಸ್ಸು ಹೋದಾಗ ರಸ್ತೆಯಿಂದ ಏಳುವ ಕೆಂಪು ಮಣ್ಣು. ನಮ್ಮ ಮನೆ ರಸ್ತೆಯಿಂದ ಒಳಗಿತ್ತು. ಹಾಗಾಗಿ ನಮ್ಮಲ್ಲಿ ಧೂಳೇ ಇಲ್ಲ ಎಂದುಕೊಂಡಿದ್ದೆವು. ಅಂಗಳದಲ್ಲಿ ಒಣಗುವ ಕಾಫಿಯಿಂದ ಏಳುವುದನ್ನು ಯಾರಾದರೂ ಧೂಳೆಂದು ಕರೆಯುತ್ತಾರೆಯೇ? ನಮ್ಮನ್ನು ಸಾಕುವ ಬೆಳೆ ಅದು. ಮೈಮೇಲೆ ಬಿದ್ದರೆ ಕೊಡವಿಕೊಳ್ಳುತ್ತಲೂ ಇರಲಿಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು. ರೊಬಸ್ಟಾ ಹಣ್ಣನ್ನು ನಾವು ಸಿಪ್ಪೆ ಸಮೇತ ಅಂಗಳದಲ್ಲಿ ಹರಡಿ ಒಣಗಿಸುತ್ತೇವೆ. ಹತ್ತು ಹದಿನೈದು ಬಿಸಿಲು ಬೇಕು. ಹಗಲೆಲ್ಲ ಅದರೊಳಗೆ ಕಾಲೆಳೆದುಕೊಂಡು ನಡೆಯುತ್ತಾ ಗೆರೆ ಮಾಡಬೇಕು, ಕೆಳಗಿನದು ಮೇಲೆ ಬರಬೇಕು. ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು, ಇಲ್ಲವಾದರೆ ಇಬ್ಬನಿ ಬೀಳುತ್ತದೆ. ಹೀಗೆ ಆಗಷ್ಟೇ ಕೂಡಿದ ರಾಶಿ ಬಿಸಿಯಾಗಿರುತ್ತದೆ. ನಾನು ಸಣ್ಣವಳಿದ್ದಾಗ ಚಳಿಗಾಲದ ಸಂಜೆ ಮಕ್ಕಳೆಲ್ಲ ಅದರಲ್ಲಿ ಮೊಣಕಾಲಿನವರೆಗೆ ಕಾಲು ಹೂತು ಕೂರುತ್ತಿದ್ದೆವು. ಕಾಲು ನೋವಿನ ಮುದುಕಿಯರೂ ಕೂರುತ್ತಿದ್ದರು. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದುಕೊಂಡಷ್ಟೇ ಹಿತ.

ಆ ಸಲ ಜನವರಿಯಲ್ಲಿ ಮಗು ಮನೆಗೆ ಬಂದಾಗ ಕೊಯ್ಲು ಜೋರಿತ್ತು. ಮಗ, ಸೊಸೆ ಕೆಳಗಿನ ತೋಟದಲ್ಲಿ ಕತ್ತಲಾಗುವವರೆಗೂ ಹಣ್ಣು ಬಿಡಿಸುತ್ತಿದ್ದರು. ಮನೆಯಲ್ಲಿ ನಾನು, ಮಗು ಇಬ್ಬರೇ. ನಡುವೆ ಎರಡು ದಿನ ಅಕಾಲದ ಮಳೆ ಹೊಡೆಯಿತು. ರಾಶಿ ಟಾರ್ಪಾಲಿನಡಿಯಲ್ಲೇ ಉಳಿಯಿತು. ಮೂರನೆಯ ದಿನ ಬಿಸಿಲು ಬಂದಾಗ ನಾನು ಮೊಣಕೈವರೆಗೆ ಕೈ ತೂರಿಸಿ ನೋಡಿದೆ. ಒಳಗೆ ಕಾವು ಕೂತಿತ್ತು. ತಳದ ಹಣ್ಣಿಗೆ ಬಿಳಿ ಬೂಷ್ಟು ಬಂದಿತ್ತು. ಇಂಥದ್ದನ್ನು ನಾವು ನೂರು ಸಲ ಕಂಡವರು. ಹರಡಿ ಬಿಸಿಲಿಗೆ ಹಾಕಿದರೆ ಸರಿಯಾಗುತ್ತದೆ, ರುಚಿ ಮಾತ್ರ ಸ್ವಲ್ಪ ಕೆಡುತ್ತದೆ.

ಸಂಜೆ ಮತ್ತೆ ರಾಶಿ ಮಾಡುವಾಗ ಮಗು ಜಗಲಿಯಲ್ಲಿ ಕೂತು ಕಾಲು ತಣ್ಣಗಾಗಿದೆ ಎಂದು ಅತ್ತಿತು. ಮದ್ದಿನ ದೆಸೆಯಿಂದ ಅದರ ಕಾಲು ಯಾವಾಗಲೂ ತಣ್ಣಗೆ. ನಾನು ಎತ್ತಿಕೊಂಡು ಹೋಗಿ ರಾಶಿಯಲ್ಲಿ ಕೂರಿಸಿ, ಕಾಲಿನ ಮೇಲೆ ಬೊಗಸೆ ಬೊಗಸೆ ಬಿಸಿ ಕಾಫಿ ಸುರಿದೆ. ಅಳು ನಿಂತಿತು. ನಗತೊಡಗಿತು. ತಾನೂ ಬೊಗಸೆಯಲ್ಲಿ ತೆಗೆದು ಮೇಲಿಂದ ಸುರಿದುಕೊಂಡಿತು. ಬಿಳಿ ಹುಡಿ ಸಂಜೆ ಬಿಸಿಲಿನಲ್ಲಿ ಎದ್ದು ನಿಂತದ್ದು ನನಗೆ ಈಗಲೂ ಕಾಣುತ್ತದೆ. ಬಾಯಿಗೆ ಬಟ್ಟೆ ಕಟ್ಟಿರಲಿಲ್ಲ. ಬಟ್ಟೆ ಹೊರಗಿನವರು ಬಂದಾಗ ತಾನೇ? ನಾಲ್ಕು ಸಂಜೆ ಹೀಗೆ ಕೂರಿಸಿದೆ. ಸೊಸೆಗೆ ಹೇಳಲಿಲ್ಲ. ಮುಚ್ಚಿಡಬೇಕೆಂದೇನಲ್ಲ, ಕಾಲು ಬಿಸಿ ಮಾಡಿದೆ ಎನ್ನುವುದು ಹೇಳುವಂಥ ಸುದ್ದಿ ಎಂದೇ ಅನಿಸಿರಲಿಲ್ಲ.

ಮುಂದಿನ ಸುತ್ತಿಗೆ ಆಸ್ಪತ್ರೆಗೆ ಹೋದೆವು. ಮದ್ದು ಕೊಟ್ಟು ಎಂಟು ಹತ್ತು ದಿನಕ್ಕೆ ಬಿಳಿ ರಕ್ತಕಣ ಪೂರಾ ಇಳಿಯುತ್ತದೆ, ಮೈಯಲ್ಲಿ ಕಾವಲಿನವರೇ ಇಲ್ಲದ ಹಾಗೆ. ಆಗ ಜ್ವರ ಬಂತು. ಮೊದಲೂ ಬಂದಿತ್ತು, ಡ್ರಿಪ್ಪಿನಲ್ಲಿ ಮದ್ದು ಕೊಟ್ಟರೆ ಎರಡು ದಿನಕ್ಕೆ ಇಳಿಯುತ್ತಿತ್ತು. ಈ ಸಲ ಐದು ದಿನವಾದರೂ ಇಳಿಯಲಿಲ್ಲ. ಮದ್ದು ಎರಡು ಸಲ ಬದಲಿಸಿದರು. ಒಣ ಕೆಮ್ಮು ಶುರುವಾಯಿತು. ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣಲಿಲ್ಲವೆಂದು ಸ್ಕ್ಯಾನ್ ಮಾಡಿಸಿದರು. ಬಲಗಡೆ ಶ್ವಾಸಕೋಶದಲ್ಲಿ ಅಡಿಕೆಯಷ್ಟು ದೊಡ್ಡ ಒಂದು ಮಚ್ಚೆ, ಸುತ್ತ ಮಂಜು ಕವಿದ ಹಾಗೆ.

ನಮ್ಮ ಮಗುವನ್ನು ನೋಡುತ್ತಿದ್ದ ಡಾಕ್ಟರಮ್ಮ ಘಟ್ಟದ ಕೆಳಗಿನವರು, ನಲವತ್ತರ ಆಸುಪಾಸು. ಎಲ್ಲವನ್ನೂ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ಹೇಳುವ ಅಭ್ಯಾಸ ಅವರಿಗೆ. ಇದು ಟಿಬಿ ಇರಬಹುದು, ಬೇರೆ ಸೋಂಕಿರಬಹುದು, ಬೂಷ್ಟೂ ಇರಬಹುದು ಎಂದರು. ಬ್ರೆಡ್ಡಿಗೆ ಹಿಡಿಯುತ್ತದಲ್ಲ, ಅದೇ ಜಾತಿಯದ್ದು, ಒಳಗೆ ಹೋಗಿ ಬೇರು ಬಿಟ್ಟಿರಬಹುದಂತೆ. ಕಫ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ರಕ್ತ ಹೆಪ್ಪುಗಟ್ಟುವ ಶಕ್ತಿಯೂ ಇಳಿದಿದ್ದರಿಂದ ಎದೆಗೆ ಸೂಜಿ ಹಾಕಿ ತೆಗೆದು ನೋಡುವ ಹಾಗಿರಲಿಲ್ಲ. ಬೂಷ್ಟಿನ ಮದ್ದು ಬಹಳ ಕಠಿಣ, ಕಿಡ್ನಿಗೆ ಪೆಟ್ಟು, ಅಂದಾಜಿನ ಮೇಲೆ ಕೊಡುವ ಮೊದಲು ಇನ್ನೊಂದೆರಡು ದಿನ ನೋಡುವ ಎಂಬ ಯೋಚನೆ ಅವರದು. ಆಮೇಲೆ ನಮ್ಮ ಮೂವರನ್ನೂ ನಿಲ್ಲಿಸಿ ಕೇಳಿದರು.

"ಮನೆಗೆ ಹೋದಾಗ ಇವಳು ಕೊಟ್ಟಿಗೆಗೆ, ಹುಲ್ಲಿನ ಅಟ್ಟಕ್ಕೆ, ಬೂಷ್ಟು ಹಿಡಿದ ಜಾಗಕ್ಕೆ ಎಲ್ಲಿಯಾದ್ರೂ ಹೋದದ್ದುಂಟಾ? ನೆನಪು ಮಾಡಿ ಹೇಳಿ."

"ಇಲ್ಲ ಡಾಕ್ಟ್ರೇ, ಅವ್ಳು ಅಂಗಳ ದಾಟಿಲ್ಲ," ಎಂದ ನನ್ನ ಮಗ.

ಅವನು ಹೇಳಿದ್ದು ನಿಜವೇ. ಅಂಗಳ ದಾಟಿರಲಿಲ್ಲ.

ನನಗೆ ಅಂಗಳದ ಆ ರಾಶಿ ನೆನಪಾಯಿತು. ಆದರೂ ಬಾಯಿ ಬಿಡಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ನಾನು ಬರೆದದ್ದೆಲ್ಲ ಸುಳ್ಳಾಗುತ್ತದೆ. ಆ ಇಡೀ ದಿನ ನಾನು ಸುಮ್ಮನಿದ್ದೆ. ಸೊಸೆಯ ಮುಖ ನೋಡಲು ಹೆದರಿಕೆ. ಅವಳು ಹಾಳೆ ಅಂಟಿಸಿದವಳು, ನಾನು ಮಗುವನ್ನು ಬೂಷ್ಟಿನಲ್ಲಿ ಕೂರಿಸಿದವಳು. ಟಿಬಿಯೇ ಇರಲಪ್ಪ ಎಂದು ದೇವರಲ್ಲಿ ಬೇಡಿಕೊಂಡೆ. ಯಾವ ಅಜ್ಜಿ ಮೊಮ್ಮಗಳಿಗೆ ಟಿಬಿ ಬೇಡಿಕೊಳ್ಳುತ್ತಾಳೆ ಹೇಳಿ.

ಮಾರನೆಯ ಬೆಳಿಗ್ಗೆ ಮಗು ಕೆಮ್ಮಿದಾಗ ಕರವಸ್ತ್ರದಲ್ಲಿ ಒಂದು ಗೆರೆ ಗುಲಾಬಿ ಬಣ್ಣ ಬಂತು. ಅದನ್ನು ನೋಡಿದ್ದೇ ನಾನು ಎದ್ದು ಹೋದೆ. ಡಾಕ್ಟರಮ್ಮ ಬೇರೆ ಮಗುವನ್ನು ನೋಡುತ್ತಿದ್ದರು, ಬಾಗಿಲಲ್ಲಿ ನಿಂತೆ. ಅವರು ಹೊರಗೆ ಬಂದಾಗ ಮಗ, ಸೊಸೆಯೂ ನನ್ನ ಹಿಂದೆ ಬಂದು ನಿಂತಿದ್ದರು. ಅವರ ಎದುರಿಗೇ ಹೇಳಿದೆ. ಮಳೆ ಬಂದದ್ದು, ರಾಶಿ ಕಾವು ಕೂತದ್ದು, ಬಿಳಿ ಹುಡಿ, ನಾಲ್ಕು ಸಂಜೆ, ಒಂದನ್ನೂ ಬಿಡಲಿಲ್ಲ. ಡಾಕ್ಟರಮ್ಮನಿಗೆ ಕಾಫಿ ಒಣಗಿಸುವ ಕ್ರಮ ಗೊತ್ತಿರಲಿಲ್ಲ. ಹುಡಿ ಎಷ್ಟು ಎದ್ದಿತ್ತು, ಮಗುವಿನ ಮುಖಕ್ಕೆ ಬರುತ್ತಿತ್ತಾ ಎಂದು ಎರಡೆರಡು ಸಲ ಕೇಳಿದರು. ಸೊಸೆ ಗೋಡೆಗೆ ಒರಗಿ ನಿಂತಳು.

ಡಾಕ್ಟರಮ್ಮ ಬೈಯುತ್ತಾರೆ ಎಂದುಕೊಂಡಿದ್ದೆ.

"ಅಮ್ಮ, ಈ ಬೂಷ್ಟಿನ ಬೀಜ ಎಲ್ಲ ಕಡೆ ಗಾಳಿಯಲ್ಲೇ ಉಂಟು, ನಮ್ಮ ಆಸ್ಪತ್ರೆಯಲ್ಲೂ ಉಂಟು. ನಿಮ್ಮ ರಾಶಿಯಿಂದಲೇ ಬಂತು ಅಂತ ನಾನು ಹೇಳ್ಲಿಕ್ಕೆ ಆಗೂದಿಲ್ಲ. ಅಲ್ಲಿಂದ ಬರ್ಲಿಲ್ಲ ಅಂತ್ಲೂ ಹೇಳ್ಲಿಕ್ಕೆ ಆಗೂದಿಲ್ಲ. ಆದ್ರೆ ನೀವು ಹೇಳಿದ್ದು ಒಳ್ಳೇದಾಯ್ತು. ನಾನಿನ್ನು ಕಾಯೂದಿಲ್ಲ, ಇವತ್ತೇ ಶುರು ಮಾಡ್ತೇನೆ."

ಮಗ ಕೇಳಿದ, ಉಳಿಯುತ್ತಾಳಾ ಎಂದು. ಅವರು ಸುಳ್ಳು ಹೇಳಲಿಲ್ಲ. ಇಂಥ ಸ್ಥಿತಿಯಲ್ಲಿ ಈ ಬೂಷ್ಟು ಹಿಡಿದವರಲ್ಲಿ ಎಲ್ಲರೂ ಉಳಿಯುವುದಿಲ್ಲ, ಬಹಳ ಜನರನ್ನು ಕಳೆದುಕೊಂಡಿದ್ದೇವೆ ಎಂದರು. ಬೇಗ ಮದ್ದು ಸಿಕ್ಕಬೇಕು, ಅವಳದೇ ಬಿಳಿ ರಕ್ತಕಣ ಮೇಲೆ ಬರಬೇಕು. ಮದ್ದು ಬೂಷ್ಟನ್ನು ತಡೆದು ನಿಲ್ಲಿಸುತ್ತದೆ, ಓಡಿಸುವವರು ಅವಳ ರಕ್ತದ ಆ ಕಾವಲಿನವರೇ ಎಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಆ ಚೀಟಿ ಇನ್ನೂ ನನ್ನ ಟ್ರಂಕಿನಲ್ಲಿದೆ.

ಮದ್ದು ಮಧ್ಯಾಹ್ನ ಬಂತು. ಸಣ್ಣ ಸೀಸೆಯಲ್ಲಿ ಹಳದಿ ಪುಡಿ. ಅದನ್ನು ಸಕ್ಕರೆ ನೀರಿನ ಡ್ರಿಪ್ಪಿನಲ್ಲೇ ಕಲಸಬೇಕು. ಉಪ್ಪುನೀರು ತಾಗಿದರೆ ಹಾಲೊಡೆದ ಹಾಗೆ ಒಡೆಯುತ್ತದಂತೆ. ಬೆಳಕೂ ಬೀಳಬಾರದೆಂದು ಸಿಸ್ಟರು ಬಾಟಲಿಗೆ ಮೇಲಿಂದ ಕೆಳಗೆ ಕಪ್ಪು ಕಾಗದ ಸುತ್ತಿದರು. ಮಗು ನೋಡಿ ಹೇಳಿತು, "ಅಜ್ಜಿ, ಬಾಟ್ಲಿಗೆ ಕೊಪ್ಪೆ ಹಾಕಿದಾರೆ." ಮಳೆಗಾಲದಲ್ಲಿ ಗದ್ದೆಗಿಳಿಯುವವರು ತಲೆಯಿಂದ ಬೆನ್ನಿನವರೆಗೆ ಹೊದೆಯುವ ಕಂಬಳಿಕೊಪ್ಪೆ ಅದಕ್ಕೆ ನೆನಪಾಗಿತ್ತು. ಆವತ್ತಿನಿಂದ ಆ ವಾರ್ಡಿನಲ್ಲಿ ಅದರ ಹೆಸರೇ ಕೊಪ್ಪೆ ಬಾಟಲಿ. ಕೇರಳದ ಸಿಸ್ಟರಿಗೂ ಕೊಪ್ಪೆ ಎನ್ನುವುದು ಬಾಯಿಗೆ ಬಂತು.

ಮೊದಲು ಸ್ವಲ್ಪವೇ ಕೊಟ್ಟು ನೋಡಿದರು, ಮೈಗೆ ಒಗ್ಗುತ್ತದಾ ಎಂದು. ಆಮೇಲೆ ದಿನಾ ಪೂರ್ತಿ. ಒಂದು ಬಾಟಲಿ ಇಳಿಯಲು ಐದಾರು ಗಂಟೆ. ಅರ್ಧ ಗಂಟೆಯಾಗುವುದರೊಳಗೆ ನಡುಕ ಬರುತ್ತಿತ್ತು. ಚಳಿಜ್ವರದ ನಡುಕ ನಾನು ಕಂಡವಳು, ಇದು ಅದಕ್ಕಿಂತ ಹೆಚ್ಚು. ಮಂಚ ಅಲ್ಲಾಡಿ ಪಕ್ಕದ ಮೇಜಿನ ಲೋಟ ಟಣಟಣ ಎನ್ನುತ್ತಿತ್ತು. ಸಿಸ್ಟರು ಓಡಿ ಬಂದು ಒಂದು ಇಂಜೆಕ್ಷನ್ ಕೊಡುತ್ತಿದ್ದರು, ಮೂರು ಕಂಬಳಿ ಹೊದಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ನಡುಕ ನಿಂತು ಮೈ ಬೆಂಕಿ. ಮರುದಿನದಿಂದ ಬಾಟಲಿ ಹಾಕುವ ಮೊದಲೇ ನಡುಕದ ಮದ್ದು ಕೊಟ್ಟರು, ಸ್ವಲ್ಪ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ.

ಸೊಸೆ ಆ ದಿನಗಳಲ್ಲಿ ನನ್ನೊಂದಿಗೆ ಮಾತಾಡಲಿಲ್ಲ. ಜಗಳವಾಡಲಿಲ್ಲ. ಊಟದ ಬುತ್ತಿ ಕೊಡುವಳು, ಒಗೆದ ಸೀರೆ ಕೊಡುವಳು, ಕಣ್ಣೆತ್ತಿ ನೋಡುತ್ತಿರಲಿಲ್ಲ. ಅವಳದ್ದೇನೂ ತಪ್ಪಿಲ್ಲ. ನಾನು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದೆ. ಆರನೆಯ ದಿನವೋ ಏಳನೆಯ ದಿನವೋ ಅವಳೇ ಹೊರಗೆ ಬಂದಳು. ಒಳಗೆ ಲೋಟದ ಟಣಟಣ ಕೇಳುತ್ತಿತ್ತು.

"ಅತ್ತೆ, ನೀವು ಬನ್ನಿ. ನನ್ಗೆ ನೋಡಕ್ಕಾಗಲ್ಲ. ಅಜ್ಜಿ ಹಿಡ್ಕೊಂಡ್ರೆ ನಡುಗಾದು ಕಮ್ಮಿ ಅಂತಿದಾಳೆ."

ನಾನು ಒಳಗೆ ಹೋಗಿ ಮಂಚ ಹತ್ತಿ, ಕಂಬಳಿಯ ಸಮೇತ ಮಗುವನ್ನು ಎದೆಗೊತ್ತಿಕೊಂಡು ಕೂತೆ. ಅದರ ಹಲ್ಲು ನನ್ನ ಭುಜದ ಮೇಲೆ ಕಟಕಟ ಎನ್ನುತ್ತಿತ್ತು. ಸೊಸೆ ಬಾಗಿಲಲ್ಲಿ ಬೆನ್ನು ಹಾಕಿ ನಿಂತಿದ್ದವಳು ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಕಾಲ ಬಳಿ ಕೂತಳು. ಆಮೇಲೆ ದಿನಾ ಬಾಟಲಿ ಹೊತ್ತಿಗೆ ನಾನೇ. ನಮ್ಮ ನಡುವೆ ಆ ವಿಷಯ ಮತ್ತೆ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ.

ನನಗೆ ಇನ್ನೊಂದು ಕೆಲಸವೂ ಸಿಕ್ಕಿತು. ಕಿಡ್ನಿ ಸರಿ ಇದೆಯೋ ಇಲ್ಲವೋ ನೋಡಲು ಮಗು ಕುಡಿದದ್ದು ಎಷ್ಟು, ಮೂತ್ರ ಹೋದದ್ದು ಎಷ್ಟು ಎಂದು ಅಳೆದು ಬರೆಯಬೇಕಿತ್ತು. ಗೆರೆ ಎಳೆದ ಪ್ಲಾಸ್ಟಿಕ್ ಜಗ್ಗು ಕೊಟ್ಟಿದ್ದರು. ಮೂರನೇ ಕ್ಲಾಸಿನ ಲೆಕ್ಕ ಸಾಕಾಯಿತು. ನನ್ನ ಹಾಳೆ ನೋಡಿ ಡಾಕ್ಟರಮ್ಮ, ನಮ್ಮ ಸಿಸ್ಟರುಗಳಿಗಿಂತ ನೀವೇ ಚಂದ ಬರೀತೀರಿ ಎಂದರು. ಸಿಸ್ಟರು ಎದುರಿಗೇ ಇದ್ದರು, ನನಗೆ ಮುಜುಗರ. ಸಂತೋಷವೂ ಆಯಿತು, ಇಲ್ಲವೆನ್ನಲಾರೆ. ದಿನ ಬಿಟ್ಟು ದಿನ ರಕ್ತ ಪರೀಕ್ಷೆ. ಒಂದು ಸಲ ಕಿಡ್ನಿಯ ಲೆಕ್ಕ ಏರಿತು, ಒಂದು ದಿನ ಬಾಟಲಿ ನಿಲ್ಲಿಸಿ ಬರೀ ನೀರು ಏರಿಸಿದರು. ಆ ಒಂದು ದಿನ ನಾನು ಅನ್ನ ಮುಟ್ಟಲಿಲ್ಲ. ಮದ್ದು ರಕ್ತದ ಪೊಟ್ಯಾಸಿಯಂ ಎಳೆದು ಹಾಕುತ್ತದೆಂದು ಒಂದು ಕಹಿ ಸಿರಪ್ಪು ಬೇರೆ ಕುಡಿಸಬೇಕಿತ್ತು. ಅದನ್ನು ಕುಡಿಸಲು ನಾನು ಹೇಳಿದ ಸುಳ್ಳು ಕತೆಗಳನ್ನು ಬರೆದರೆ ಇನ್ನೊಂದು ಪುಸ್ತಕವಾಗುತ್ತದೆ.

ಅದೇ ಮಹಡಿಯ ಕೊನೆಯ ಕೋಣೆಯಲ್ಲಿ ಕೊಟ್ಟಿಗೆಹಾರದ ಹೋಟೆಲಿನವರೊಬ್ಬರಿದ್ದರು. ಐವತ್ತೈದರ ಹತ್ತಿರ, ಸಕ್ಕರೆ ಕಾಯಿಲೆ ಜೋರು. ಅವರಿಗೂ ಬೂಷ್ಟೇ, ಜಾತಿ ಬೇರೆ. ಮೂಗಿನಲ್ಲಿ ಶುರುವಾಗಿ ಕಣ್ಣಿನ ಹಿಂದಕ್ಕೆ ಹೋಗಿತ್ತು. ಒಂದು ಕಣ್ಣನ್ನೇ ತೆಗೆದಿದ್ದರು. ಅವರಿಗೂ ಕೊಪ್ಪೆ ಬಾಟಲಿ. ಒಳ್ಳೆಯ ಮಾತುಗಾರರು. ನಡೆದಾಡಿಸಲು ಕರೆತಂದಾಗ ನಮ್ಮ ಬಾಗಿಲಾಚೆ ದೂರದಲ್ಲೇ ನಿಂತು ಮಗುವಿನೊಂದಿಗೆ ಮಾತಾಡುವರು.

"ನನ್ನ ಮೂಗಲ್ಲಿ ಇರೋರು, ನಿನ್ನ ಎದೇಲಿ ಇರೋರು, ಇಬ್ರೂ ದಾಯಾದಿಗಳು ಕಣಮ್ಮ. ನಿನ್ನವರು ಮೊದ್ಲು ಮನೆ ಖಾಲಿ ಮಾಡ್ತಾರೋ, ನನ್ನವರೋ ನೋಡಾಣ."

ಮಗು ಪಂಥ ಕಟ್ಟಿತು. ಸೋತವರು ಗೆದ್ದವರಿಗೆ ನೀರುದೋಸೆ ಕೊಡಿಸಬೇಕು. ದಿನಾ ಅವರನ್ನು ಕಂಡಾಗ, ಖಾಲಿ ಮಾಡಿದ್ರಾ ಎಂದು ಕೇಳುವುದು. ಅವರು, ಇಲ್ಲ ಮಾರಾಯ್ತಿ, ಹಟಮಾರಿಗಳು ಎನ್ನುವುದು. ಮೂರನೆಯ ವಾರ ಅವರು ಬರಲಿಲ್ಲ. ಎರಡು ದಿನವಾದ ಮೇಲೆ ಅವರ ಹೆಂಡತಿ ಬಟ್ಟೆಯ ಗಂಟು ಹಿಡಿದು ನಮ್ಮ ಬಾಗಿಲ ಮುಂದೆ ಹಾದುಹೋದರು. ಬೂಷ್ಟು ಮೆದುಳಿಗೆ ಏರಿತ್ತಂತೆ. ಆ ತಾಯಿ ನಿಂತು, ಮಗುವಿಗೆ ಹೇಳಬೇಡಿ ಎಂದು ನನಗೆ ಕೈಸನ್ನೆ ಮಾಡಿದರು. ತನ್ನ ಗಂಡ ಹೋದ ದಿನ ಬೇರೆಯವರ ಮಗುವಿನ ಯೋಚನೆ ಮಾಡಿದ ಹೆಂಗಸು ಅವರು. ಮಗು ಕೇಳಿದಾಗ ಅವರು ಮನೆಗೆ ಹೋದರು ಎಂದೆ. ಹಾಗಾದರೆ ನಾನು ಸೋತೆ ಎಂದು ಮಗು ಬೇಸರ ಮಾಡಿಕೊಂಡಿತು. ಅದೊಂದು ಮಾತಿಗೆ ನಾನು ಸೆರಗು ಬಾಯಿಗೆ ತುರುಕಿಕೊಂಡು ವಾರ್ಡಿನಿಂದ ಹೊರಗೆ ಹೋದೆ.

ಅದಾಗಿ ಮೂರನೆಯ ದಿನಕ್ಕೆ ಬಿಳಿ ರಕ್ತಕಣ ಏರಲು ಶುರುವಾಯಿತು. ಜ್ವರ ಇಳಿಯಿತು. ನಾವು ಹಿಗ್ಗಿದೆವು, ಡಾಕ್ಟರಮ್ಮ ಹಿಗ್ಗಲಿಲ್ಲ. ಈಗಲೇ ಜಾಗ್ರತೆ ಬೇಕು, ರಕ್ತಕಣ ಬಂದು ಬೂಷ್ಟಿನೊಂದಿಗೆ ಹೊಡೆದಾಡುವಾಗ ಎದೆಯೊಳಗಿನ ಆ ಗಂಟಿನ ನಡುವೆ ಪೊಳ್ಳಾಗಿ, ಪಕ್ಕದ ರಕ್ತನಾಳ ಒಡೆಯಬಹುದು ಎಂದರು. ಹೊಸ ಸ್ಕ್ಯಾನಿನಲ್ಲಿ ಗಂಟು ಸಣ್ಣದಾಗಿತ್ತು, ಆದರೆ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡ ಹಾಗೆ ಇತ್ತು. ಆಪರೇಷನ್ ಮಾಡಿ ಆ ತುಂಡು ಶ್ವಾಸಕೋಶವನ್ನೇ ತೆಗೆಯಬೇಕು. ಇಲ್ಲವಾದರೆ ಕ್ಯಾನ್ಸರಿನ ಮದ್ದು ಮುಂದುವರಿಸುವ ಹಾಗಿಲ್ಲ, ಬೂಷ್ಟು ಮತ್ತೆ ತಲೆಯೆತ್ತುತ್ತದೆ. ಮದ್ದು ನಿಲ್ಲಿಸಿದರೆ ಕ್ಯಾನ್ಸರು ತಲೆಯೆತ್ತುತ್ತದೆ. ಮಗ ಪೆನ್ನು ಹಿಡಿದು, ಸಹಿ ಹಾಕುವ ಕಾಗದವನ್ನು ಮೊದಲಿನಿಂದ ಮತ್ತೆ ಓದತೊಡಗಿದ. ಸೊಸೆಯೇ ಪೆನ್ನು ತೆಗೆದುಕೊಂಡು ಹಾಕಿದಳು.

ಬೆಳಿಗ್ಗೆ ಒಳಗೆ ಕರೆದೊಯ್ದವರು ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಹೊರಗೆ ಬಂದರು. ಡಾಕ್ಟರಮ್ಮ ದೂರದಿಂದಲೇ ನಗುತ್ತಾ ಬಂದರು, ನನಗೆ ಅಷ್ಟೇ ಸಾಕಾಯಿತು. ತೆಗೆದ ತುಂಡನ್ನು ಪರೀಕ್ಷೆ ಮಾಡಿದಾಗ ಬೂಷ್ಟೇ ಎಂದು ಖಾತ್ರಿಯಾಯಿತಂತೆ. ಎಳೆ ಎಳೆಯಾಗಿ ಕವಲೊಡೆದದ್ದು ಭೂತಗನ್ನಡಿಯಲ್ಲಿ ಕಂಡಿತೆಂದು ಅದರ ಚಿತ್ರವನ್ನೂ ಬರೆದು ತೋರಿಸಿದರು. ನೋಡಲು ಚಂದವೇ ಇತ್ತು, ಹಾಳಾದ್ದು.

ಆಮೇಲೆ ಕೊಪ್ಪೆ ಬಾಟಲಿ ಇನ್ನೂ ಸ್ವಲ್ಪ ದಿನ ನಡೆದು ನಿಂತಿತು. ಬದಲಿಗೆ ನುಂಗುವ ಕ್ಯಾಪ್ಸೂಲು, ಬಹಳ ತಿಂಗಳು. ಅದನ್ನು ಹೊಟ್ಟೆ ತುಂಬಾ ಉಂಡ ಕೂಡಲೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಮೈಗೆ ಹತ್ತುವುದಿಲ್ಲ ಎಂದಿದ್ದರು. ಮಗುವಿಗೆ ಹೊಟ್ಟೆ ತುಂಬಾ ಉಣ್ಣಿಸಿ ಎಂದು ಡಾಕ್ಟರೇ ಅಜ್ಜಿಗೆ ಅಪ್ಪಣೆ ಕೊಟ್ಟರೆ ಬಿಡುತ್ತಾಳೆಯೇ? ತುಪ್ಪದ ಗಟ್ಟಿ ಅನ್ನ, ಕಡುಬು, ಅಕ್ಕಿರೊಟ್ಟಿ. ಕೆನ್ನೆ ಬಂತು. ತಲೆಯಲ್ಲಿ ಕೂದಲು ಮೊಳೆಯಿತು. ಕ್ಯಾನ್ಸರಿನ ಮದ್ದೂ ಸುತ್ತು ಸುತ್ತಾಗಿ ನಡೆದು, ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚೇ ಹಿಡಿದು ಮುಗಿಯಿತು. ಅಷ್ಟೂ ಕಾಲ ನಮ್ಮ ಅಂಗಳಕ್ಕೆ ಒಂದು ಹಣ್ಣು ಕಾಫಿ ಬೀಳಲಿಲ್ಲ. ಬಿಡಿಸಿದ್ದನ್ನು ಅದೇ ಸಂಜೆ ಜೀಪಿಗೆ ತುಂಬಿ, ಪಕ್ಕದ ಎಸ್ಟೇಟಿನವರ ಕಣಕ್ಕೆ ಒಣಗಿಸಲು ಕಳಿಸುತ್ತಿದ್ದೆವು. ಊರವರು, ಅಂಗಳವಿದ್ದೂ ಹೀಗೇಕೆ ಎಂದು ನಕ್ಕರು. ನಾನೇ ಕರೆದು ಕೂರಿಸಿ ಕಾರಣ ಹೇಳುತ್ತಿದ್ದೆ. ಯಾರ ಮನೆಯಲ್ಲಿ ಮೈಸೋತ ಮಗು, ಮುದುಕರಿದ್ದಾರೋ ಅವರಿಗೆ ಎರಡು ಸಲ ಹೇಳುತ್ತಿದ್ದೆ.

ಮದ್ದು ನಿಂತ ಮೇಲೂ ತಪಾಸಣೆಗೆ ಹೋಗುತ್ತಿದ್ದೆವು. ಮೊದಲು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ. ಪ್ರತಿ ಸಲ ಎಕ್ಸ್‌ರೇ ಚೀಟಿ ಬರುವವರೆಗೆ ನಾನು ಮನಸ್ಸಿನಲ್ಲೇ ಹರಕೆ ಹೇಳಿಕೊಳ್ಳುವುದು. ಹುಡುಗಿಗೆ ಹದಿನಾಲ್ಕು ತುಂಬಿದ ವರ್ಷ ಹೋದಾಗ ಡಾಕ್ಟರಮ್ಮನ ತಲೆಯಲ್ಲೂ ಬಿಳಿ ಕೂದಲು. ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ರಕ್ತದ ಚೀಟಿ ನೋಡಿದರು. ಹುಡುಗಿಗೆ ಮೆಟ್ಟಿಲು ಹತ್ತಿ ಇಳಿದು ಬಾ ಎಂದರು. ಅವಳು ಮೂರು ಮಹಡಿ ಹತ್ತಿ ಇಳಿದು ಬಂದಳು, ಉಸಿರು ಮೇಲಾಗಿರಲಿಲ್ಲ. ಡಾಕ್ಟರಮ್ಮ ದಪ್ಪ ಫೈಲನ್ನು ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟರು.

"ಇನ್ನು ನೀವು ಬರೂದು ಬೇಡ ಅಮ್ಮ. ಏನಾದ್ರೂ ಆದ್ರೆ ಮಾತ್ರ ಬನ್ನಿ. ಏನೂ ಆಗೂದಿಲ್ಲ."

ನಾನು ಅವರ ಕಾಲಿಗೆ ಬೀಳಲು ಹೋದೆ, ಅವರು ಬಿಡಲಿಲ್ಲ. ಫಿಲ್ಮು ಬೇಕಾ ಎಂದು ಕೇಳಿದರು. ಬೇಕು ಎಂದೆ.

ಕಳಸದ ಬಸ್ಸು ಹತ್ತಿದೆವು, ನಾನು ಮತ್ತು ಅವಳು ಇಬ್ಬರೇ ಆ ಸಲ. ಕಾರ್ಕಳ ದಾಟುವ ಹೊತ್ತಿಗೆ ನನಗೆ ತಡೆಯಲಿಲ್ಲ. ಪಕ್ಕದ ಸೀಟಿನ ಹೆಂಗಸಿಗೆ ಹೇಳಿದೆ. ಮುಂದಿನ ಸೀಟಿನವರು ತಿರುಗಿ ಕೂತರು, ಅವರಿಗೂ ಹೇಳಿದೆ. ಬ್ಯಾಗಿನಿಂದ ಫಿಲ್ಮು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಕಂಡಕ್ಟರು ಟಿಕೆಟ್ ಹರಿಯುವುದನ್ನು ಬಿಟ್ಟು ಅದನ್ನು ತಲೆಕೆಳಗಾಗಿ ಹಿಡಿದು, ಎಲ್ಲಿ, ಎಲ್ಲಿ ಎಂದು ಹುಡುಕತೊಡಗಿದ. ಇಲ್ಲಿತ್ತು, ಈಗ ಇಲ್ಲ, ಅದನ್ನೇ ನೋಡಿ ಎಂದೆ. ಫಿಲ್ಮು ಹಿಂದಿನ ಸೀಟಿನವರೆಗೂ ಹೋಯಿತು.

"ಅಜ್ಜಿ, ಸುಮ್ನೆ ಕೂತ್ಕೋ ಮಾರಾಯ್ತಿ," ಎಂದಳು ಮೊಮ್ಮಗಳು. "ಬಸ್ಸಿನವ್ರಿಗೆಲ್ಲ ನನ್ನ ಎಲುಬು ತೋರಿಸ್ತಿದೀಯಲ್ಲ."

ನಾನು ಕೂರಲಿಲ್ಲ. ಬಸ್ಸು ಘಾಟಿ ಏರತೊಡಗಿತು. ಹಿಂದಿನಿಂದ ಒಬ್ಬರು ವಯಸ್ಸಾದ ಹೆಂಗಸು ಫಿಲ್ಮು ಹಿಡಿದುಕೊಂಡು, ಕಂಬಿ ಆಧರಿಸಿಕೊಂಡು ನಮ್ಮ ಸೀಟಿನವರೆಗೆ ಬಂದರು. ಕಣ್ಣಲ್ಲಿ ನೀರಿತ್ತು. ಕಾಯಿಲೆಯ ಮಗುವನ್ನು ನೋಡಬೇಕು, ಎಲ್ಲಿ ಮಲಗಿಸಿದ್ದೀರಿ ಎಂದು ಕೇಳಿದರು. ನಾನು ಪಕ್ಕಕ್ಕೆ ತೋರಿಸಿದೆ. ಅವರು ನೋಡಿದರು. ಹುಡುಗಿ ಕಾಲು ಮಡಚಿ ಕೂತು, ಕಿಟಕಿಗೆ ತಲೆ ಆನಿಸಿ, ಎರಡನೆಯ ಪೊಟ್ಟಣ ಕಡ್ಲೆಕಾಯಿ ಬಿಡಿಸಿ ತಿನ್ನುತ್ತಿದ್ದಳು.

"ಇವ್ಳಲ್ಲ ಅಮ್ಮ," ಎಂದರು ಅವರು, "ಕಾಯಿಲೆಯ ಹುಡ್ಗಿ ಯಾವ್ದು?"